ಕೆಮ್ಮಿ ತೋರಿಸಿದ್ದು

ಎರಡನೆಯ ಹೆರಿಗೆಯಾದ ಮೇಲೆ ಕೆಮ್ಮಿದರೆ, ಸೀನಿದರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಿದರೆ ನನಗೆ ಮೂತ್ರ ಸೋರುತ್ತಿತ್ತು. ಹಳೆ ಸೀರೆಯ ತುಂಡು ಮಡಿಸಿಟ್ಟುಕೊಂಡೇ ಜಂಗಮಕೋಟೆಯ ನಮ್ಮ ರೇಷ್ಮೆಹುಳುವಿನ ಮನೆಯಲ್ಲಿ ಒಂಬತ್ತು ವರ್ಷ ದುಡಿದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ. ನನ್ನ ಗಂಡ ಹೈಸ್ಕೂಲು ಮೇಷ್ಟರು. ಹೇಳಿದಾಗಲೆಲ್ಲ, ಹೆಂಗಸರಿಗೆ ಇದೆಲ್ಲ ಇದ್ದದ್ದೇ, ನೀರು ಕಡಿಮೆ ಕುಡಿ ಎನ್ನುತ್ತಿದ್ದರು.

ಕೊನೆಗೆ ಒಬ್ಬಳೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆ. ಅವರು ಮೂತ್ರಚೀಲ ತುಂಬಿರುವಾಗ ಮಲಗಿಸಿ ಕೆಮ್ಮಿಸಿದರು. ಸೋರಿದ್ದನ್ನು ಕಣ್ಣಾರೆ ನೋಡಿದರು. ಮೂತ್ರದಲ್ಲಿ ಸೋಂಕಿಲ್ಲವೆಂದು ಲ್ಯಾಬಿನವರು ಬರೆದುಕೊಟ್ಟರು. ಅವರು ಹೇಳಿಕೊಟ್ಟ ವ್ಯಾಯಾಮ ಮೂರು ತಿಂಗಳು ಮಾಡಿಯೂ ಕಡಿಮೆಯಾಗದಿದ್ದಾಗ ಡಾಕ್ಟರು, ಸಣ್ಣ ಆಪರೇಷನ್ ಮಾಡೋಣ, ನಿಮ್ಮ ತೊಂದರೆ ಸ್ಪಷ್ಟವಾಗಿದೆ, ಇದಕ್ಕೆ ದೊಡ್ಡ ಪರೀಕ್ಷೆ ಬೇಕಿಲ್ಲ ಎಂದರು.

ಮನೆಗೆ ಬಂದು ಹೇಳಿದೆ.

"ಕೆಮ್ಮಿಸಿ ನೋಡ್ಬಿಟ್ಟು ಆಪರೇಷನ್ ಅಂತಾರಾ? ಮಿಷಿನ್ನಲ್ಲಿ ಟೆಸ್ಟ್ ಮಾಡಿಸ್ದೆ ನಾನು ಸೈನ್ ಹಾಕಲ್ಲ," ಎಂದರು ಗಂಡ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆ ಪರೀಕ್ಷೆಯೂ ಆಯಿತು. ಮುಂದೊಂದು ಹಿಂದೊಂದು ಸಣ್ಣ ನಳಿಕೆ ಹಾಕಿ ಮೂತ್ರಚೀಲಕ್ಕೆ ನೀರು ತುಂಬಿಸಿದರು. ಮೂವರು ಅಪರಿಚಿತರ ಎದುರು ಕಾಲಗಲಿಸಿ ಕೂತು ಕೆಮ್ಮಿದೆ. ಇನ್ನೂ ಜೋರಾಗಿ ಎಂದರು. ಜೋರಾಗಿ ಕೆಮ್ಮಿದೆ. ಸೋರಿತು. ಪರದೆ ನೋಡುತ್ತಿದ್ದವನು ತೃಪ್ತಿಯಿಂದ ತಲೆಯಾಡಿಸಿದ. ಆಮೇಲೆ ಎರಡು ದಿನ ಮೂತ್ರಕ್ಕೆ ಹೋದಾಗಲೆಲ್ಲ ಉರಿ, ಕಣ್ಣಲ್ಲಿ ನೀರು ಬರುವಷ್ಟು.

ವರದಿಯಲ್ಲಿದ್ದದ್ದು ಡಾಕ್ಟರು ಮೊದಲೇ ಹೇಳಿದ್ದೇ. ಗಂಡ ಕನ್ನಡಕ ಹಾಕಿಕೊಂಡು ಗ್ರಾಫಿನ ಗೆರೆಗಳ ಮೇಲೆ ಬೆರಳಾಡಿಸಿದರು.

"ನಿಜವಾಗ್ಲೂ ಇದೆ ಕಣೇ ನಿಂಗೆ."

ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಮಲಗಿ ಎದ್ದವರು, ಹಿತ್ತಲಲ್ಲಿ ಒಣಗುವ ಆ ತುಂಡುಬಟ್ಟೆಗಳನ್ನು ಸರಿಸಿಕೊಂಡೇ ಸ್ನಾನಕ್ಕೆ ಹೋಗುತ್ತಿದ್ದವರು.

ಆಪರೇಷನ್ನಿನ ಬೆಳಗ್ಗೆ ಚಿಕ್ಕಬಳ್ಳಾಪುರದ ಡಾಕ್ಟರು ಒಪ್ಪಿಗೆ ಪತ್ರ ತಂದರು. ಹೊರಗೆ ಕೂತಿದ್ದ ಗಂಡನನ್ನು ಕರೆಯಲೇ ಎಂದು ಕೇಳಿದೆ.

"ಬೇಡಮ್ಮ, ನಿಮ್ ಸೈನ್ ಸಾಕು. ಟೆಸ್ಟಿಗೆ ಮುಂಚೇನೂ ಅಷ್ಟೇ ಸಾಕಿತ್ತು," ಎಂದರು.

ಹಾಳೆ ತೂತಾಗುವಷ್ಟು ಪೆನ್ನು ಒತ್ತಿ ಸೈನ್ ಹಾಕಿದೆ. ಡಾಕ್ಟರು ಭಯವೆಂದುಕೊಂಡು ಬೆನ್ನು ಸವರಿದರು. ನನಗೆ ಸಿಟ್ಟು ಬಂದಿತ್ತು. ಗಂಡನ ಮೇಲೆ, ಅವರಿಗಿಂತ ಹೆಚ್ಚಾಗಿ ಇಷ್ಟನ್ನೂ ಕೇಳಿ ತಿಳಿಯದ ನನ್ನ ಮೇಲೆ.

ಈಗ ಸೋರುವುದು ನಿಂತಿದೆ. ನಾದಿನಿ ವಿಚಾರಿಸಿದರೆ ಗಂಡ, ತಾವು ಹಟ ಹಿಡಿದು ಟೆಸ್ಟ್ ಮಾಡಿಸಿದ್ದಕ್ಕೇ ಕಾಯಿಲೆ ಗೊತ್ತಾಯಿತು ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಮೈಗೆ ಏನಾದರೂ ಆದರೆ ಅವರಿಗೆ ಹೇಳುವುದನ್ನೇ ಬಿಟ್ಟಿದ್ದೇನೆ.