ಜೋಡಿ ಕಾಲಿಗೆ ಒಂದೇ ರೆಕ್ಕೆ

ನನ್ನ ಎಡಗಾಲು ಬಲಗಾಲಿಗಿಂತ ಒಂದೂವರೆ ಅಂಗುಲ ಗಿಡ್ಡ. ಮೂರು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ಆ ಕಾಲಿನ ಕಸುವನ್ನೂ ಜೊತೆಗೆ ತೆಗೆದುಕೊಂಡು ಹೋಯಿತು ಎಂದು ನಮ್ಮವ್ವ ಹೇಳುತ್ತಿದ್ದಳು. ಕುರುಗೋಡಿನ ನಮ್ಮ ಓಣಿಯಿಂದ ಸಾಲೆಗೆ ಉಳಿದ ಮಕ್ಕಳು ಹತ್ತು ನಿಮಿಷದಲ್ಲಿ ಹೋದರೆ ನನಗೆ ಅರ್ಧ ತಾಸು ಬೇಕು. ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಕಾಲಿನ ದೆಸೆಯಿಂದಲೇ ನನಗೆ ಇಬ್ಬರು ಸಿಕ್ಕರು. ಅವರ ಬಗ್ಗೆ ಬರೆಯಬೇಕೆಂದರೆ ಕಾಲಿನಿಂದಲೇ ಶುರು ಮಾಡಬೇಕು.

ಮೊದಲನೆಯವಳು ನನ್ನ ಸೋದರತ್ತೆ. ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆಯಿಂದ ತಿರುಗಿ ಬಂದವಳು ಮತ್ತೆ ಹೋಗಲಿಲ್ಲ. ಯಾಕೆಂದು ಅವಳು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಹೊಲದ ಕೆಲಸವನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಗಂಡಸರು ಬುತ್ತಿ ಬಿಚ್ಚಿ ಮರದ ನೆರಳಿಗೆ ಹೋದಾಗ ಸೀರೆಯನ್ನು ಕಚ್ಚೆ ಕಟ್ಟಿ ನಮ್ಮ ಬಾವಿಗೆ ಹಾರುವಳು. ನನಗೆ ಒಂಬತ್ತಾದ ಬೇಸಿಗೆಯಲ್ಲಿ ಅವಳು ಎರಡು ಒಣ ಸೋರೆಬುರುಡೆಗಳನ್ನು ನನ್ನ ಸೊಂಟಕ್ಕೆ ಕಟ್ಟಿದಳು.

"ನೆಲದ ಮ್ಯಾಲ ಈ ಕಾಲು ನಿನ್ನ ಮಾತು ಕೇಳಂಗಿಲ್ಲ. ನೀರಾಗ ಕೇಳ್ತದೇನೋ ನೋಡೂಣು, ಬಾ," ಎಂದಳು.

ಅವ್ವ ಬಾವಿಯ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಒಂದು ತಿಂಗಳಿಗೆ ಬುರುಡೆಗಳು ಬೇಡವಾದವು. ಆದರೆ ಬಲಗಾಲು ಜೋರಾಗಿ ಒದೆಯುತ್ತಿತ್ತು, ಎಡಗಾಲು ಸುಮ್ಮನೆ ಹಿಂದೆ ಬರುತ್ತಿತ್ತು. ಎಲ್ಲಿಗೆ ಹೊರಟರೂ ಎಡಕ್ಕೆ ತಿರುಗುತ್ತಿದ್ದೆ. "ಗಾಣದ ಎತ್ತು ಆದೆಲ್ಲೇ," ಎಂದು ಅತ್ತೆ ನಗುತ್ತಿದ್ದಳು. ಬಾವಿಯೇ ದುಂಡಗಿದ್ದುದರಿಂದ ಅದು ಆಗ ದೊಡ್ಡ ತೊಂದರೆ ಅನ್ನಿಸಲಿಲ್ಲ.

ಇನ್ನೊಬ್ಬರು ಬಳ್ಳಾರಿಯ ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿ ಬೂಟು ಹೊಲಿಯುತ್ತಿದ್ದ ಚಾಚಾ. ಒಂದು ಕಾಲಿಗೆ ದಪ್ಪ ಅಟ್ಟೆ ಹಾಕಿದ ಬೂಟು ಮಾಡಿಸಬೇಕೆಂದು ದೊಡ್ಡಾಸ್ಪತ್ರೆಯ ಡಾಕ್ಟರು ಅಪ್ಪನಿಗೆ ಹೇಳಿ, ಅವರಲ್ಲಿಗೆ ಕಳಿಸಿದ್ದರು. ಆಗ ನನಗೆ ಆರು ವರ್ಷ. ಅಲ್ಲಿಂದ ಪ್ರತಿ ವರ್ಷ ಸಾಲೆ ಶುರುವಾಗುವ ಮುಂಚೆ ಒಂದು ದಿನ ಅವರ ಅಂಗಡಿಗೆ ಹೋಗುವುದಿತ್ತು. ಚಾಚಾ ನನ್ನ ಪಾದಗಳನ್ನು ಹಾಳೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಬೇರೆಯವರು ನನ್ನ ಕಾಲು ನೋಡಿ ಮುಖ ತಿರುಗಿಸುತ್ತಿದ್ದರು, ಇಲ್ಲವೇ ಅಯ್ಯೋ ಅನ್ನುತ್ತಿದ್ದರು. ಚಾಚಾ ಅದನ್ನು ಒಂದು ಕೆಲಸವೆಂದು ನೋಡುತ್ತಿದ್ದರು. ಅದು ನನಗೆ ಎಷ್ಟು ಹಗುರ ಅನ್ನಿಸುತ್ತಿತ್ತೆಂದು ಆಗ ಹೇಳಲು ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನನಗೆ ಸಿರುಗುಪ್ಪದ ಸಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. "ಒಬ್ಬಾಕಿ ಹೆಂಗ ಇರ್ತಿ," ಎಂದು ಅತ್ತೆಯೂ ಬಂದು ನನ್ನ ಬಾಡಿಗೆ ಮನೆಯಲ್ಲಿ ಉಳಿದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಹೊಳೆಗೆ ಹೋಗುತ್ತಿದ್ದೆವು. ನಾನು ಅಪ್ಪನ ಹಳೆಯ ಪೈಜಾಮ, ತುಂಬುತೋಳಿನ ಅಂಗಿ ಹಾಕಿಕೊಂಡು ತುಂಗಭದ್ರೆಗೆ ಇಳಿದಾಗ ಬಟ್ಟೆ ಒಗೆಯುವ ಹೆಂಗಸರು ಎರಡು ವಾರ ಕೈ ನಿಲ್ಲಿಸಿ ನೋಡಿದರು. ಮೂರನೇ ವಾರ ಯಾರೂ ತಲೆ ಎತ್ತಲಿಲ್ಲ. ಆದರೆ ಹೊಳೆ ಬಾವಿಯಲ್ಲ. ಎದುರಿನ ಬಂಡೆಗೆ ಗುರಿಯಿಟ್ಟು ಹೊರಟರೆ ಎಡಕ್ಕೆ ಎಲ್ಲೋ ಹೋಗಿ ಏಳುತ್ತಿದ್ದೆ. ನಡುನಡುವೆ ನಿಂತು ದಾರಿ ಸರಿ ಮಾಡಿಕೊಳ್ಳುವುದರಲ್ಲೇ ಉಸಿರು ಮುಗಿಯುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದೆ. ರಷ್ಯಾದಿಂದ ಬರುವ ನುಣುಪು ಕಾಗದದ ಪತ್ರಿಕೆಯ ಹಾಳೆಗಳನ್ನು ಆಗ ಎಲ್ಲರೂ ಪುಸ್ತಕಕ್ಕೆ ರಟ್ಟು ಹಾಕಲು ಬಳಸುತ್ತಿದ್ದರು. ಒಂದು ನೋಟುಬುಕ್ಕಿನ ರಟ್ಟಿನ ಮೇಲೆ ನೀಲಿ ನೀರಿನೊಳಗೆ ಒಬ್ಬ ಹುಡುಗಿ ಈಜುತ್ತಿದ್ದಳು. ಅವಳ ಎರಡೂ ಪಾದಗಳು ಒಂದೇ ಅಗಲವಾದ ರೆಕ್ಕೆಯೊಳಗೆ ಇದ್ದವು, ದೊಡ್ಡ ಮೀನಿನ ಬಾಲದಂತೆ. ಕಾಲುಗಳು ಬೇರೆಬೇರೆಯಾಗಿ ಒದೆಯುವ ಮಾತೇ ಇಲ್ಲ. ಸೊಂಟದಿಂದ ಕೆಳಗೆ ಇಡೀ ಮೈ ಒಂದೇ ಅಲೆಯಾಗಿತ್ತು. ನಾನು ಕೆಂಪು ಪೆನ್ನು ಹಿಡಿದುಕೊಂಡೇ ಬಹಳ ಹೊತ್ತು ಕೂತೆ. ಮರುದಿನ ಆ ನೋಟುಬುಕ್ಕಿಗೆ ನಾನೇ ಹೊಸ ಕಂದು ಕಾಗದದ ರಟ್ಟು ಹಾಕಿಕೊಟ್ಟು, ಚಿತ್ರವನ್ನು ಇಟ್ಟುಕೊಂಡೆ.

ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಮೋಕಾ ಊರಿನ ಮೇಲೆ ಹಾದು ಹೋಗುವ ಬಸ್ಸು ಹತ್ತಿ ಬಳ್ಳಾರಿಗೆ ಹೋದೆ. ಚಾಚಾ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದೇನು ಬೇಟಿ, ಮೀನ?"

"ಮೀನಲ್ಲ ಚಾಚಾ, ಹುಡುಗಿ. ಎರಡೂ ಕಾಲು ಒಂದ ರೆಕ್ಕಿಯಾಗ ಇಟ್ಟಾಳ ನೋಡ್ರಿ. ನನಗೂ ಇಂಥದ್ದೊಂದು ಬೇಕು."

ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. "ನೀರಾಗ ಎಡಗಾಲಿನ ಬೆರಳು ಕೆಳಗ ಬಾಗ್ತಾವೇನು?" ಎಂದು ಕೇಳಿದರು. ಆಮೇಲೆ ಹಿಂದಿದ್ದ ತಗಡಿನ ಟ್ರಂಕು ತೆಗೆದರು. ಅದರಲ್ಲಿ ನನ್ನ ಪಾದದ ಹಾಳೆಗಳೆಲ್ಲ ಇದ್ದವು, ಆರು ವರ್ಷದ ಪಾದದಿಂದ ಹಿಡಿದು.

"ಇದು ಎಲ್ಲೆರ ಅಂಗಡ್ಯಾಗ ಸಿಕ್ಕರೂ ನಿನಗ ಆಗಂಗಿಲ್ಲ," ಎಂದರು. "ಅವನ್ನ ಎರಡೂ ಕಾಲು ಸಮ ಇದ್ದವರಿಗೆ ಮಾಡಿರ್ತಾರ. ನಿನ್ನ ಕಾಲು ಅಕ್ಕ-ತಂಗಿ. ಅಕ್ಕಗೊಂದು ಮನಿ, ತಂಗಿಗೊಂದು ಮನಿ ಮಾಡಬೇಕು."

ಮೊದಲು ಲಾರಿಯ ಹಳೆಯ ಟ್ಯೂಬಿನ ರಬ್ಬರನ್ನು ಎರಡು ಪದರ ಅಂಟಿಸಿ ಮಾಡಿದರು. ಹೊಳೆಯಲ್ಲಿ ಅದು ನೆನೆದ ರೊಟ್ಟಿಯಂತೆ ಮಡಚಿಕೊಂಡಿತು. ನಾನು ಅಲೆ ಹಾಕುತ್ತಿದ್ದೆ, ರಬ್ಬರು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು, ಇದ್ದಲ್ಲೇ ಇದ್ದೆ. ಆಮೇಲೆ ಚಾಚಾ, ಲಾರಿ ಬಾಡಿ ಕಟ್ಟುವ ಕಡೆ ಫೈಬರ್ ಕೆಲಸ ಮಾಡುವ ತಮ್ಮ ಗೆಳೆಯರಿಂದ ಒಂದು ಫೈಬರ್ ಹಲಗೆ ಮಾಡಿಸಿದರು. ಒಂದು ಮೊಳಕ್ಕಿಂತ ಉದ್ದ, ಬಗ್ಗಿಸಲು ಬಲ ಬೇಕು. ಅದಕ್ಕೆ ಎರಡು ಅಳತೆಯ ರಬ್ಬರಿನ ಬೂಟು ಹೊಲಿದು ಕೂಡಿಸಿ, ಕಣಕಾಲಿನವರೆಗೆ ಲಾಡಿ ಹಾಕಿದರು.

ದಸರಾ ರಜೆಗೆ ಅದನ್ನು ಕುರುಗೋಡಿಗೆ ತಂದೆ. ಬಾವಿಯಲ್ಲಿ ನೋಡೋಣ ಎಂದು ಅತ್ತೆ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಮೆಟ್ಟಿಲ ಮೇಲೆ ನಿಂತಳು. ಉಸಿರು ಹಿಡಿದು ತಲೆ ಕೆಳಗೆ ಮಾಡಿ ಮುಳುಗಿದೆ. ನಾಲ್ಕೇ ಅಲೆ. ಇಷ್ಟು ವರ್ಷ ಮುಟ್ಟಲಾಗದ ಬಾವಿಯ ತಳ ಕೈಗೆ ಸಿಕ್ಕಿತು. ಒಂದು ಹಿಡಿ ಕೆಸರು ತಂದು ಅತ್ತೆಗೆ ತೋರಿಸಿದೆ. ಅವಳಿಗೂ ಖುಷಿಯಾಯಿತು. ತಳದಲ್ಲಿ ಯಾವ ಸದ್ದೂ ಇರಲಿಲ್ಲ. ಮೈಗೆ ತೂಕವಿರಲಿಲ್ಲ, ಕಾಲಿಗೆ ಗಿಡ್ಡ ಉದ್ದ ಎಂಬುದಿರಲಿಲ್ಲ. ಮತ್ತೆ ಹೋದೆ, ಮತ್ತೆ ಹೋದೆ.

ನಾಲ್ಕನೇ ಸಲ ಮೇಲೆ ಬರುವಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಆ ಗಡುಸು ಹಲಗೆಯನ್ನು ಒತ್ತಲು ಇದ್ದದ್ದು ಅದೊಂದೇ ಕಾಲು. ಅದು ಕೈಬಿಟ್ಟ ಮೇಲೆ ಇನ್ನೊಂದರಿಂದ ಏನೂ ಆಗಲಿಲ್ಲ. ಬಗ್ಗಿ ಲಾಡಿ ಬಿಚ್ಚಲು ಹೋದೆ, ಒದ್ದೆ ಗಂಟು ಕಲ್ಲಾಗಿತ್ತು. ಮೇಲೆ ಬೆಳಕು ಕಾಣುತ್ತಿತ್ತು. ಹಗ್ಗವನ್ನು ಎರಡು ಸಲ ಜಗ್ಗಿದೆ.

ಅತ್ತೆ ನನ್ನನ್ನು ಒಬ್ಬಳೇ ಎಳೆದಳು. ಮೆಟ್ಟಿಲ ಮೇಲೆ ಮಲಗಿಸಿ ಕುಡುಗೋಲಿನಿಂದ ಲಾಡಿ ಕೊಯ್ದಳು, ಮೀನಖಂಡ ತಿಕ್ಕಿದಳು. ಅವಳ ಎರಡೂ ಅಂಗೈ ಚರ್ಮ ಸುಲಿದಿತ್ತು. ಬೈಯುತ್ತಾಳೆ ಎಂದು ಕಾದೆ. "ನಾಳಿ ಬಳ್ಳಾರಿಗೆ ಹೋಗೂಣು. ನಾನೂ ಬರ್ತೀನಿ," ಎಂದಳು.

ಅಂಗಡಿಯಲ್ಲಿ ಅವಳು ಅಂಗೈ ಚಾಚಿ ತೋರಿಸಿದಳು. ಆದದ್ದನ್ನು ನಾನು ಹೇಳಿದೆ. ಚಾಚಾ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ತಪ್ಪು ನಂದು," ಎಂದರು. "ನೀ ಏನ್ ಬೇಕಂದಿ ಅಂತ ಕೇಳಿದೆ. ಯಾಕ ಬೇಕು ಅಂತ ಕೇಳಲಿಲ್ಲ. ಈಗ ಹೇಳು ಬೇಟಿ. ನಿನಗ ಕೆಳಗ ಹೋಗಬೇಕೋ, ದೂರ ಹೋಗಬೇಕೋ?"

"ಎರಡೂ ಆಗಂಗಿಲ್ಲೇನ್ರಿ?"

"ಮದುವಿಗೂ ಹೊಲಕ್ಕೂ ಒಂದ ಜೋಡು ಅಂದ್ರ ಎರಡೂ ಕಡಿ ಕಾಲು ಕಡೀತಾವ. ಕೆಳಗ ಹೋಗಾಕ ಉದ್ದಂದು, ಗಡುಸಂದು ಬೇಕು. ನಾಕ ಏಟಿಗೆ ತಳ ಮುಟ್ಟಬೇಕು, ಹೌದಿಲ್ಲೋ? ದೂರ ಹೋಗಾಕ ಗಿಡ್ಡಂದು, ಮೆತ್ತಂದು ಬೇಕು. ಸಾವಿರ ಏಟು ಹಾಕಿದರೂ ಕಾಲು ಸೋಲಬಾರದು. ನಿನ್ನ ಒಂದು ಕಾಲಿನ ಮ್ಯಾಲ ಎಷ್ಟು ಭಾರ ಹಾಕೂದು, ನೀನ ಹೇಳು."

ಬಾವಿಯ ತಳದ ಆ ಮೌನ ಇನ್ನೂ ಕಿವಿಯಲ್ಲಿತ್ತು, ಅದನ್ನು ಬಿಡಲು ಮನಸ್ಸಿರಲಿಲ್ಲ. ಆದರೆ ನಾನು ಹುಟ್ಟಿದಾಗಿನಿಂದ ಯಾರದಾದರೂ ಬಂಡಿಯಲ್ಲೋ ಬಸ್ಸಿನಲ್ಲೋ ಹೋದವಳು. ಒಂದು ಊರಿನಿಂದ ಇನ್ನೊಂದು ಊರಿಗೆ ನನ್ನದೇ ಮೈಯಿಂದ ಹೋದದ್ದು ಎಂದೂ ಇಲ್ಲ.

"ದೂರ," ಎಂದೆ.

ಅತ್ತೆ ಬೀದಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ರೆಕ್ಕೆಗೆ ಒಂದು ತಿಂಗಳು ಹಿಡಿಯಿತು. ಗೆಳೆಯರ ಜೊತೆ ಕೂತು ಚಾಚಾ ಫೈಬರ್ ಬಟ್ಟೆಯನ್ನು ಪಾದದ ಹತ್ತಿರ ಮೂರು ಪದರ, ನಡುವೆ ಎರಡು, ಅಂಚಿಗೆ ಒಂದೇ ಪದರ ಹಾಕಿಸಿದರು. ಗೇಣಿನಷ್ಟು ಉದ್ದ ಕಡಿಮೆಯಾಯಿತು. ಎಡಪಾದದ ಮನೆಯೊಳಗೆ ಮೆತ್ತನೆಯ ಸ್ಪಂಜು ಇಟ್ಟರು. ಎರಡೂ ಕಾಲು ಕೂಡಿಯೇ ಏಳಲೆಂದು ಮೊಣಕಾಲಿನ ಕೆಳಗೆ ಒಂದು ಪಟ್ಟಿ. ಲಾಡಿಯ ಬದಲು, ತುದಿ ಹಿಡಿದು ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವ ಇನ್ನೊಂದು ಪಟ್ಟಿ. ತಯಾರಾದ ದಿನ ನನ್ನನ್ನು ಚಾಪೆಯ ಮೇಲೆ ಕೂಡಿಸಿ, "ಕಣ್ಣು ಮುಚ್ಚು. ಉಸಿರು ಹಿಡಿ. ಬಿಚ್ಚು," ಎಂದರು. ಗಿರಾಕಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ನಾಚಿಕೆ. ಅವರು ಕೇಳಲಿಲ್ಲ. ಮೂವತ್ತು ಸಲ ಮಾಡಿಸಿ, ಬಲಗೈಯಿಂದ, ಎಡಗೈಯಿಂದ, ಮಗ್ಗುಲಾಗಿ ಮಲಗಿಸಿ ಮಾಡಿಸಿ, ಆಮೇಲೆ ಕೊಟ್ಟರು.

ಚಳಿಗಾಲದಲ್ಲಿ ಹೊಳೆ ತಣ್ಣಗೆ, ನಿಧಾನವಾಗಿ ಹರಿಯುತ್ತಿತ್ತು. ಹೊಳೆಯ ಮೇಲ್ಬದಿಗಿದ್ದ ಒಂದು ಹಳ್ಳಿಯ ದಡದಿಂದ ಸಿರುಗುಪ್ಪದ ಕಡೆಯ ನಮ್ಮ ದಡದವರೆಗೆ ಈಜುವುದೆಂದು ನಿಶ್ಚಯವಾಯಿತು. ಹರಿಗೋಲು ನಡೆಸುವ ಮುದುಕ ಮೊಸಳೆ ಮಲಗುವ ಮಡು ಯಾವುದು, ಬಂಡೆ ಎಲ್ಲಿವೆ ಎಂದು ತಿಳಿದವನು. ಅತ್ತೆ ಹಗ್ಗ, ಕುಡುಗೋಲು, ರೊಟ್ಟಿಯ ಗಂಟು ಇಟ್ಟುಕೊಂಡು ಅವನ ಹರಿಗೋಲಿನಲ್ಲಿ ಕೂತಳು.

ಕೈ ಮುಂದೆ ಚಾಚಿ ಮೊದಲ ಅಲೆ ಹಾಕಿದೆ. ರೆಕ್ಕೆ ನೀರನ್ನು ಹಿಡಿದು ಬಿಟ್ಟಿತು. ಇನ್ನೊಂದು. ನಾಲ್ಕೈದು ಅಲೆಗೊಮ್ಮೆ ತಲೆ ಎತ್ತಿ ಉಸಿರು ತೆಗೆದುಕೊಂಡೆ. ಎದುರಿಗೆ ದೂರದಲ್ಲಿ ಒಂದು ಒಂಟಿ ತಾಳೆಮರ ಕಾಣುತ್ತಿತ್ತು. ಮತ್ತೆ ತಲೆ ಎತ್ತಿದಾಗಲೂ ಅದು ಎದುರಿಗೇ ಇತ್ತು. ಹತ್ತನೇ ಸಲ ನೋಡಿದಾಗಲೂ ಅದು ಅಲ್ಲೇ; ನಾನು ಎಡಕ್ಕೆ ತಿರುಗಿರಲಿಲ್ಲ. ನನಗೆ ನೀರಿನಲ್ಲೇ ಅಳು ಬಂತು. ಹೊಳೆಯಲ್ಲಿ ಅಳುವುದರ ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

ಹರಿಗೋಲಿನವನು ಅತ್ತೆಗೆ ಹೇಳುತ್ತಿದ್ದುದು ಕೇಳಿಸಿತು: "ಅಕ್ಕಾರ, ನಿಮ್ಮ ಸೊಸಿ ಸೀದಾ ಹೊಂಟಾರ. ಸುತ್ತು ಹೊಡಿಯಾಕತ್ತಿದ್ದು ನನ್ನ ಹರಿಗೋಲ."

ಎಷ್ಟು ದೂರವಾಯಿತೋ ಅಳೆದವರಿಲ್ಲ. ಬಿಸಿಲು ಏರುವ ಹೊತ್ತಿಗೆ ನಮ್ಮ ದಡದ ಮರಳು ಎದೆಗೆ ತಾಗಿತು. ಪಟ್ಟಿ ಎಳೆದೆ, ರೆಕ್ಕೆ ಬಿಚ್ಚಿಕೊಂಡಿತು. ಅತ್ತೆ ಟವೆಲಿನಿಂದ ನನ್ನ ತಲೆ ಒರೆಸುತ್ತ, "ಹಸಿವಾಗಿರಬೇಕು," ಎಂದಳು. ಮೂವರೂ ಮರಳಿನ ಮೇಲೆ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ತಿಂದೆವು. ನಾನು ನಾಲ್ಕು ರೊಟ್ಟಿ ತಿಂದೆ.

ಆ ಚಳಿಗಾಲ ಮುಗಿಯುವುದರೊಳಗೆ ಚಾಚಾ ಅವರನ್ನು ಹೊಳೆಗೆ ಕರೆತರಲೇಬೇಕೆಂದು ಪಟ್ಟು ಹಿಡಿದೆ. ಅವರು ಅಂಗಡಿ ಬಿಟ್ಟು ಹೋದವರೇ ಅಲ್ಲ. ಒಂದು ಭಾನುವಾರ ಹೆಂಡತಿ ಚಾಚಿಯನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಬಂದರು. ಮರಳಿನಲ್ಲಿ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ನಾನು ಆ ದಡದ ತನಕ ಹೋಗಿ ತಿರುಗಿ ಬಂದೆ. ಅಷ್ಟು ಹೊತ್ತೂ ಅವರು ಅಲ್ಲಾಡಲಿಲ್ಲವೆಂದು ಅತ್ತೆ ಆಮೇಲೆ ಹೇಳಿದಳು.

ನಾನು ರೆಕ್ಕೆ ಬಿಚ್ಚಿ ನೀರಿನಿಂದ ಏಳುವಷ್ಟರಲ್ಲಿ ಅವರು ಒದ್ದೆ ಮರಳಿನಲ್ಲಿ ಮಂಡಿಯೂರಿ ರೆಕ್ಕೆಯನ್ನು ಎತ್ತಿಕೊಂಡಿದ್ದರು. "ಚಾಚಾ, ನಿಮ್ಮಿಂದ..." ಎಂದು ಶುರು ಮಾಡಿದೆ.

ಅವರು ಎಡಪಾದದ ಬೂಟಿನೊಳಗೆ ಎರಡು ಬೆರಳು ಹಾಕಿ, ಅಂಚಿನ ಉದ್ದಕ್ಕೂ ನಿಧಾನವಾಗಿ ಸವರಿ ನೋಡಿದರು.

"ಹೊಲಿಗಿ ಹಿಡದೈತಿ," ಎಂದರು.

ಚಾಚಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಮೊದಲು ನನಗೆ ಕೊಟ್ಟರು.