ತುಪ್ಪ ಮತ್ತು ತಮ್ಮನ ತೂಕ

ಕೆಳಗಿನ ಮನೆಯ ಸುಮತಕ್ಕ ಬೆಣ್ಣೆ ಕಾಯಿಸುತ್ತಿದ್ದಾರೆ. ಆ ಘಮ ಮೆಟ್ಟಿಲು ಹತ್ತಿ ಬಂದೊಡನೆ ನಾನೀಗ ಬಾಗಿಲು ಹಾಕಿಕೊಳ್ಳುತ್ತೇನೆ. ಹಿಂದೆ ಸಾಂತಾಕ್ರೂಜಿನ ಈ ಬಿಲ್ಡಿಂಗಿಗೆಲ್ಲ ಆ ಘಮ ಹಂಚುತ್ತಿದ್ದವಳು ನಾನೇ ಎಂದರೆ ನೀವು ನಗಬಹುದು.

ಆ ತುಪ್ಪವೆಲ್ಲ ನನ್ನ ತಮ್ಮ ಜಯನಿಗೆ. ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಅವನಿಗೆ ಎಚ್‌ಐವಿ ಇದೆ; ವರ್ಷಗಳಿಂದ ಮಾತ್ರೆ ತಪ್ಪಿಸಿಲ್ಲ. ಮನೆಯವರಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ನಮ್ಮ ಹೋಟೆಲಿನವರ ಲೋಕದಲ್ಲಿ ಯಾರಾದರೂ ಸೊರಗಿದರೆ ಸಾಕು, ಅಡುಗೆಮನೆಯಲ್ಲಿ ಪಿಸುಮಾತು ಶುರು. ಹಾಗಾಗಿ ಅವನು ಸೊರಗದಂತೆ ನೋಡಿಕೊಳ್ಳುವುದೇ ನಾನು ಕಲಿತ ವೈದ್ಯ. ಭಾನುವಾರ ಬಂದರೆ ನೀರುದೋಸೆಗೂ ತುಪ್ಪ, ಸಾರಿಗೂ ತುಪ್ಪ. ಹಿಂದಿರುಗುವಾಗ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ನಿಂತು, “ಏರಿದೆ ಅಕ್ಕಾ!” ಎಂದು ಫೋನ್ ಮಾಡುತ್ತಿದ್ದ. ಮಗ ಪಾಸಾದ ತಾಯಿಯಂತೆ ನಾನು ಬೀಗುತ್ತಿದ್ದೆ.

ಕಳೆದ ವರ್ಷ ಅವನನ್ನು ಬಿಡಲು ಹೋಗಿದ್ದಾಗ, ಸ್ಟೇಷನ್ನಿನ ಸೇತುವೆಯ ಮೇಲೆ ಕುಳಿತೇಬಿಟ್ಟ. ಮೈಯೆಲ್ಲ ಬೆವರು.

“ಗ್ಯಾಸ್ ಅಕ್ಕಾ. ಒಂದು ಸೋಡಾ ಕುಡಿದ್ರೆ ಸರಿಯಾಗ್ತದೆ.”

ನಾನು ಒಪ್ಪದೆ ರಿಕ್ಷಾ ಹತ್ತಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರನ್ನು ಪಕ್ಕಕ್ಕೆ ಕರೆದು ಎಚ್‌ಐವಿಯ ವಿಷಯ ಪಿಸುಗುಟ್ಟಿದೆ. ಅದೇ ಕೆರಳಿದೆ ಎಂದುಕೊಂಡಿದ್ದೆ. ಮರುದಿನ ಅವರು ಹೇಳಿದರು: ಅದು ಹಿಡಿತದಲ್ಲಿದೆ, ರಕ್ತಪರೀಕ್ಷೆಯಲ್ಲಿ ಕಾಣಿಸುವಷ್ಟೂ ಇಲ್ಲ, ಆಗಿರುವುದು ಹಾರ್ಟ್ ಅಟ್ಯಾಕ್. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರಿಗೂ ಹೃದಯದ ಅಪಾಯ ಉಳಿದವರಿಗಿಂತ ಹೆಚ್ಚಂತೆ. “ಯಾರೂ ಹೇಳಿರಲಿಲ್ಲವೆ?” ಎಂದು ಅವರು ಕೇಳಿದಾಗ ನನಗೆ ಸಿಡಿಲು ಬಡಿದಂತಾಯಿತು. ಇಷ್ಟು ವರ್ಷ ನಾವು ಮುಂಬಾಗಿಲು ಕಾದಿದ್ದೆವು, ಕಳ್ಳ ಹಿತ್ತಿಲಿಂದ ನುಗ್ಗಿದ್ದ.

ಜಯ ಉಳಿದ. ಹಳೆಯ ಮಾತ್ರೆಗಳ ಜೊತೆಗೆ ಹೊಸವು, ನಡಿಗೆ, ಪಥ್ಯ. ತೂಕ ಇಳಿಸಲೇಬೇಕೆಂದರು, ಇಳಿಸಿದ.

ಹಾಕಿಕೊಂಡ ಬಾಗಿಲಿನ ಆಚೆ ಈಗ, ಎಷ್ಟೋ ತಿಂಗಳ ಮೇಲೆ, ಅವನ ಹೆಜ್ಜೆಯ ಸದ್ದು. ಜೊತೆಗೆ ಸುಮತಕ್ಕನ ದನಿ: “ಎಂಥ ಜಯ, ಇಷ್ಟು ಸಪೂರ ಆಗಿದ್ದೀಯ? ಎಂಥ ಸೀಕು ನಿಂಗೆ?”

ಇಷ್ಟು ವರ್ಷ ತುಪ್ಪ ಸುರಿದು ನಾನು ತಡೆದಿದ್ದ ಪ್ರಶ್ನೆ! ಓಡಿಹೋಗಿ ಬಾಗಿಲು ತೆರೆದೆ.

“ಹಾರ್ಟ್, ಸುಮತಕ್ಕಾ! ಹಾರ್ಟ್ ಅಟ್ಯಾಕ್ ಆಗಿತ್ತು!” ಎಂದ ಜಯ, ಎಲ್ಲ ಮಹಡಿಗೂ ಕೇಳುವ ಹಾಗೆ.

“ಅಯ್ಯೋ ದೇವರೇ,” ಎಂದು ಅವರು ಅವನ ಕೈ ಹಿಡಿದುಕೊಂಡರು. ಆಚೆಮನೆಯವರೂ ಹೊರಬಂದು ವಿಚಾರಿಸತೊಡಗಿದರು. ಎಲ್ಲರ ನಡುವೆ ನಿಂತ ಅವನ ಮುಖದ ಸಂತೋಷ ಕಂಡು ನಾನು ದಂಗಾದೆ. ಸಾವಿನ ಬಾಯಿಗೆ ಹೋಗಿ ಬಂದ ನನ್ನ ತಮ್ಮನಿಗೆ, ಕೊನೆಗೂ, ಹೇಳಿಕೊಳ್ಳಬಹುದಾದ ಒಂದು ಕಾಯಿಲೆ ಸಿಕ್ಕಿತ್ತು.