ಷಡ್ಡಕರು ಕಂಡ ಮುಖ

ನನ್ನ ಷಡ್ಡಕರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ಅದನ್ನು ಮುಚ್ಚಿಕೊಂಡೇ ಕ್ಯಾಮೆರಾದಲ್ಲಿ ನೋಡಿದ್ದರ ಫಲ. ಊಟಕ್ಕೆ ಕೂತಾಗಲೂ ಸುತ್ತ ಸುಕ್ಕುಗಟ್ಟಿ ಅರ್ಧ ಮುಚ್ಚಿರುತ್ತಿತ್ತು. ನನ್ನ ಹೆಂಡತಿಯ ಅಕ್ಕನ ಗಂಡ. ಕುಣಿಗಲ್‌ನಲ್ಲಿ ಸ್ಟುಡಿಯೋ ಇಟ್ಟಿದ್ದರು. ಮದುವೆಮನೆಯಲ್ಲಿ ಪುರೋಹಿತರನ್ನೇ ಗದರುವ ಆಸಾಮಿ. "ಸ್ವಾಮಿ, ತಲೆ ಆಚೆ ಇಟ್ಕೊಳ್ಳಿ, ತಾಳಿ ಕಟ್ತಿರೋದು ನಿಮಗಲ್ಲ" ಎನ್ನುತ್ತಿದ್ದರು.

ರೀಲಿನ ಕಾಲದಲ್ಲಿ ಅವರದು ಒಂದೇ ಮಂತ್ರ: "ಒಂದ್ ಪ್ಲಸ್ ಇರ್ಲಿ ಬುಡು." ಕ್ಯಾಮೆರಾ ತಾನಾಗಿ ಅಳೆದುಕೊಂಡ ಬೆಳಕಿಗಿಂತ ಒಂದಿಷ್ಟು ಹೆಚ್ಚು ಕೊಡುವುದು ಅಂತ ಅರ್ಥ. ನೆಗೆಟಿವ್ ಅದನ್ನು ತಾಳಿಕೊಳ್ಳುತ್ತಿತ್ತು, ಮದುಮಗಳು ಬೆಳ್ಳಗೆ ಕಾಣುತ್ತಿದ್ದಳು, ಬೀಗರಿಗೂ ಖುಷಿ. ಆಮೇಲೆ ಡಿಜಿಟಲ್ ಕ್ಯಾಮೆರಾ ಕೊಂಡಾಗ ಆ ಅಭ್ಯಾಸವೂ ಜೊತೆಗೇ ಬಂತು. ನನಗೊಮ್ಮೆ ಗುಂಡಿ ಒತ್ತಿ, ಚಕ್ರ ತಿರುಗಿಸಿ ತೋರಿಸಿದ್ದರು. "ಇದಕ್ಕೆ ಬುದ್ಧಿ ಇಲ್ಲ ಕಣಯ್ಯಾ. ಕಪ್ಪು ಜಾಸ್ತಿ ಕಂಡ್ರೆ ಕತ್ಲೆ ಅನ್ಕೊಂಡು ಬೆಳಕು ಸುರಿಯುತ್ತೆ. ಆಗ ನಾವು ಮೈನಸ್‌ಗೆ ಇಳಿಸ್ಬೇಕು. ಬಿಳಿ ಕಂಡ್ರೆ ಉಲ್ಟಾ."

ನಮ್ಮ ಮೊದಲ ಮಗುವಿನ ಬಾಣಂತನ ಗೂಳೂರಿನ ನನ್ನ ಮಾವನ ಮನೆಯಲ್ಲಿ. ಅತ್ತೆಯದು ಕಟ್ಟಪ್ಪಣೆ: "ಹೆಸರಿಡೋ ತನಕ ಫೋಟೋ ಗೀಟೋ ಬ್ಯಾಡ, ಮಗೀಗೆ ಆಗ್ಬರಲ್ಲ." ಷಡ್ಡಕರು ಬಂದಾಗಲೆಲ್ಲ ಮಗುವನ್ನು ಆಡಿಸಿ, ಕ್ಯಾಮೆರಾ ಬ್ಯಾಗಿನಿಂದ ತೆಗೆಯದೆಯೇ ವಾಪಸಾಗುತ್ತಿದ್ದರು. ಹೆಸರಿಡಬೇಕಾದ ವಾರವೇ ಜ್ವರ ಬಂದು ಮಗು ತೀರಿಕೊಂಡಿತು.

ಸುದ್ದಿ ತಿಳಿದು ಅವರು ಹಾಗಲವಾಡಿಯ ಮದುವೆಯೊಂದರಿಂದ ನೇರ ಬಂದರು. ಕ್ಯಾಮೆರಾ ಹೆಗಲಲ್ಲೇ ಇತ್ತು. ನನ್ನ ಹೆಂಡತಿ ಕಡುನೀಲಿ ಸೀರೆಯುಟ್ಟು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. "ಭಾವ, ಒಂದ್ ಫೋಟೋ ತೆಗೀರಿ. ಮುಖ ಮರ್ತೋಗುತ್ತೆ" ಎಂದಳು. ಅವರು ಮಂಡಿಯೂರಿ ಬಹಳ ಹೊತ್ತು ಕಣ್ಣಿಟ್ಟು ನೋಡಿ, ಒಂದೆರಡು ಫೋಟೋ ತೆಗೆದರು. ಬಿಸಿಲಿಗೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಹಿರಿಯರು ಅವಸರ ಮಾಡಿದರು. ಮಣ್ಣು ಮಾಡಿ ಬಂದೆವು.

ಆ ವಾರವೇ ಒಂದು ಬೆಳಗ್ಗೆ ಅವರೊಬ್ಬರೇ ಪ್ರಿಂಟ್ ಹಿಡಿದು ಬಂದರು. ತಪ್ಪನ್ನು ಲ್ಯಾಬಿನವನ ಮೇಲಾಗಲಿ, ಕಂಪ್ಯೂಟರಿನ ಮೇಲಾಗಲಿ ಹಾಕಲಿಲ್ಲ. "ಮದುವೇಲಿ ಏರಿಸಿದ್ದ ಪ್ಲಸ್ ಇಳಿಸ್ಲಿಲ್ಲ ಕಣಮ್ಮ. ಸೀರೆ ಬೇರೆ ಕಪ್ಪಗಿತ್ತು. ಬೆಳಕು ಜಾಸ್ತಿಯಾಗಿ ಮುಖ ಸುಟ್ಟೋಗಿದೆ."

"ಕಂಪ್ಯೂಟರಲ್ಲಿ ಸರಿ ಮಾಡಕ್ಕಾಗಲ್ವಾ?" ಎಂದೆ ನಾನು.

"ಕತ್ಲೆ ಆಗಿದ್ರೆ ಏನಾದ್ರೂ ಎತ್ಬೋದಿತ್ತು. ಹಿಂಗೆ ಬೆಳ್ಳಗಾದ್ಮೇಲೆ ಒಳಗೆ ಏನೂ ಇರಲ್ಲ."

ಪ್ರಿಂಟಿನಲ್ಲಿ ಸೀರೆಯ ಅಂಚು ಎಳೆಎಳೆಯಾಗಿ ಕಾಣುತ್ತಿತ್ತು. ಮಗುವಿನ ಮುಖವಿರಬೇಕಾದ ಕಡೆ ಬರೀ ಬಿಳುಪು, ಅದರಲ್ಲಿ ಅವಳು ಅಂದು ಬೆಳಗ್ಗೆಯೂ ಇಟ್ಟಿದ್ದ ದೃಷ್ಟಿಬೊಟ್ಟು. ಸುಳ್ಳೇಕೆ ಹೇಳಲಿ, ಆ ಕ್ಯಾಮೆರಾ ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು ನನಗೆ.

ನನ್ನ ಹೆಂಡತಿ ಮಾತ್ರ ಫೋಟೋ ಕೆಳಗಿಟ್ಟು, "ನೀವು ನೋಡಿದ್ರಲ್ಲ ಭಾವ, ಹೆಂಗಿತ್ತು ಹೇಳಿ" ಎಂದಳು.

"ಮೇಲ್ತುಟಿ ನಿನ್ದೇ. ಗಲ್ಲದಲ್ಲಿ ಸಣ್ಣ ಗುಳಿ. ಎಡ ಹುಬ್ಬು ಒಂಚೂರು ಮೇಲೆ" ಎಂದರು ಅವರು, ತಲೆಯೆತ್ತದೆ.

ಮುಂದೆ ಅದೇ ರೂಢಿಯಾಯಿತು. ಗುಬ್ಬಿಯ ನಮ್ಮ ಮನೆಗೆ ಅವರು ಬಂದಾಗಲೆಲ್ಲ, ಊಟವಾದ ಮೇಲೆ ಇವಳು ಎದುರು ಕೂತು ಕೇಳುವುದು, ಅವರು ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಹೇಳುವುದು. ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ. ನಮಗಿಬ್ಬರಿಗೂ ಆ ಮುಖ ಮಸುಕಾಗುತ್ತ ಬಂದಿತ್ತು. ಗುಳಿ ಇತ್ತೋ ಇಲ್ಲವೋ ಎಂದು ಜಗಳವಾಡಿದ್ದೂ ಉಂಟು. ಷಡ್ಡಕರು ಹೇಳಿದ್ದೇ ಕೊನೆ. ಅವರ ಮೇಲಿದ್ದ ನನ್ನ ಸಿಟ್ಟು ಯಾವಾಗ ಕರಗಿತೋ ನನಗೇ ತಿಳಿಯಲಿಲ್ಲ.

ಎದೆನೋವೆಂದು ತುಮಕೂರಿನ ಆಸ್ಪತ್ರೆಗೆ ಹೋದ ಷಡ್ಡಕರು ಜೀವಂತ ಮರಳಲಿಲ್ಲ. ಕುಣಿಗಲ್ ಮನೆಯಲ್ಲಿ ಅಕ್ಕನಿಗೆ ಸಮಾಧಾನ ಹೇಳಬೇಕಾದ ನನ್ನ ಹೆಂಡತಿಯೇ ಗೋಡೆಗೊರಗಿ ಕುಸಿದಳು. ಭಾವ ಅಂದ್ರೆ ಅವಳಿಗೆ ಪ್ರಾಣ ಎಂದು ಬಂದವರು ಮಾತಾಡಿಕೊಂಡರು. ನಾನು ಅವಳ ಪಕ್ಕ ಹೋಗಿ ಕೂತೆ.

"ಮಗು ಮುಖ ಇನ್ಯಾರನ್ನ ಕೇಳ್ಲಿ ರೀ?" ಎಂದಳು.